ಅಕ್ಕ ಗುಡ್ಡದಿಂದ ಇಳಿಸಿ ತಂದ ಸೀತಾಳೆ

ನೆನೆದ ತೆಂಗಿನ ನಾರಿನ ವಾಸನೆ ಎಂದರೆ ನನಗೆ ಆಗುವುದಿಲ್ಲ. ಮೊನ್ನೆ ನವರಾತ್ರಿ ಹೊತ್ತಿಗೆ ಸಾಗರದಲ್ಲಿ ಹೂವಿನ ಪ್ರದರ್ಶನ ಇತ್ತು, ಸೊಸೆ ಬಲವಂತ ಮಾಡಿ ಕರೆದುಕೊಂಡು ಹೋದಳು. ಪೆಂಡಾಲಿನ ಮೂಲೆಯಲ್ಲಿ ಒಬ್ಬ ಆರ್ಕಿಡ್ ಕುಂಡಗಳನ್ನು ಮಾರಾಟಕ್ಕೆ ಇಟ್ಟುಕೊಂಡಿದ್ದ. ನೇರಳೆ, ಗುಲಾಬಿ, ಅಂಗೈಯಗಲದ ಹೂಗಳು, ಪ್ಲಾಸ್ಟಿಕ್ಕೋ ಏನೋ ಎಂದು ಮುಟ್ಟಿ ನೋಡಬೇಕು ಅನ್ನುವ ಹಾಗಿದ್ದವು. ಕುಂಡದ ತುಂಬ ಇದ್ದಿಲು ಮತ್ತು ತೆಂಗಿನ ನಾರು. ಅವನು ಆಗಷ್ಟೇ ನೀರು ಚಿಮುಕಿಸಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. "ಎಂತ ಆಯ್ತು ಅತ್ತೆ, ತಲೆ ತಿರುಗ್ತಾ?" ಎಂದು ಸೊಸೆ ಗಾಬರಿಯಾದಳು. ಸೆಖೆ ಕಣೇ ಎಂದು ಸುಳ್ಳು ಹೇಳಿ ಹೊರಗೆ ಬಂದೆ.

ಅಕ್ಕ ನೆನಪಾಗಿದ್ದರು. ಒಡಹುಟ್ಟಿದ ಅಕ್ಕ ಅಲ್ಲ, ಪಕ್ಕದ ಮನೆ ಅಕ್ಕ. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯವರಿಗೆ ಕಾರ್ಗಲ್ಲಿನಿಂದ ಸಾಗರಕ್ಕೆ ವರ್ಗವಾದಾಗ ನಮಗೆ ಸಿಕ್ಕಿದ್ದು ಒಂದು ಜೋಡಿ ಮನೆಯ ಅರ್ಧ ಭಾಗ. ಈಚೆ ನಾವು, ಆಚೆ ಅವರು. ಬಾವಿ ಒಂದೇ, ಹಿತ್ತಲಿನ ಮಾವಿನ ಮರ ಒಂದೇ. ಅಕ್ಕ ತೀರ್ಥಹಳ್ಳಿ ಕಡೆಯ ಗೌಡರ ಮನೆಯವರು. ಮದುವೆ ಆಗಿರಲಿಲ್ಲ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ನಮ್ಮ ಮೊದಲ ಪರಿಚಯವೇ ಬೈಗುಳದಿಂದ ಆದದ್ದು. ಮಳೆ ಹಿಡಿಯುವ ಸಮಯಕ್ಕೆ ನಮ್ಮ ಕಡೆ ಮರದ ಮೇಲೆಲ್ಲ ಸೀತಾಳೆ, ಅಂದರೆ ಕಾಡಿನ ಆರ್ಕಿಡ್ಡು, ದಂಡೆ ದಂಡೆಯಾಗಿ ಜೋತುಬೀಳುತ್ತದಲ್ಲ, ಹೆಂಗಸರು ಕಿತ್ತು ಜಡೆಗೆ ಸುತ್ತಿಕೊಳ್ಳುತ್ತೇವೆ. ನಾನೂ ಮುಡಿದುಕೊಂಡು ಬಾವಿಕಟ್ಟೆಗೆ ಹೋಗಿದ್ದೆ. "ಇಷ್ಟ್ ಹೂ ಬಿಡೋಕೆ ಆ ಗಿಡ ಎಷ್ಟ್ ವರ್ಷ ಕಾದಿರುತ್ತೆ ಗೊತ್ತಾ ನಿಂಗೆ? ಊರಲ್ಲಿ ಮಲ್ಲಿಗೆ ಇರ್ಲಿಲ್ವಾ?" ಎಂದರು. ನನಗೂ ಬಾಯಿ ಇಲ್ಲದೆ ಇಲ್ಲ. "ನಮ್ಮನೆಯವ್ರು ತಂದು ಕೊಟ್ಟಿದ್ದು, ಅವ್ರಿಗೇ ಹೇಳಿ" ಎಂದೆ. ಪುಣ್ಯಾತ್ಗಿತ್ತಿ, ಸಂಜೆ ನಿಜವಾಗಿಯೂ ಬಂದು ಅವರಿಗೂ ಹೇಳಿದರು! ಆಮೇಲೆ ನಮ್ಮಿಬ್ಬರದು ಬಿಡಿಸಲಾರದ ಸ್ನೇಹವಾಯಿತು.

ಆದರೆ ಅಕ್ಕನ ಜೀವ ಇದ್ದದ್ದು ಬೇರೊಂದು ಸೀತಾಳೆಯಲ್ಲಿ. ನಿಟ್ಟೂರಿನಿಂದ ಮೇಲೆ, ಕೊಡಚಾದ್ರಿ ಸಾಲಿನ ಒಂದು ಗುಡ್ಡದ ನೆತ್ತಿ ಹತ್ತಿರ, ಸದಾ ಮಂಜು ಕೂತಿರುವ ಕಾಡಿನಲ್ಲಿ ಅದು ಇತ್ತು. ಮಳೆ ಹಿಂದೆ ಸರಿಯುವಾಗ ಹೂ ಬಿಡುತ್ತಿತ್ತು. ಮೊದಲ ಸಲ ನನ್ನನ್ನು ಕರೆದುಕೊಂಡು ಹೋದಾಗ ಜಿಗಣೆಯಂಥ ಉಂಬಳ ಕಚ್ಚಿ ಕಚ್ಚಿ ಕಾಲೆಲ್ಲ ರಕ್ತ, ಹತ್ತಿ ಹತ್ತಿ ಉಸಿರು ಬಾಯಿಗೆ ಬಂದಿತ್ತು. ಅಷ್ಟು ಹತ್ತಿ ನೋಡಿದರೆ ಪಾಚಿ ಹಿಡಿದ ಕೊಂಬೆಯ ಮೇಲೆ ಕಿರುಬೆರಳ ಉಗುರಿನಷ್ಟು ಬಿಳಿ ಹೂ, ಗಂಟಲಲ್ಲಿ ಒಂದು ಹಳದಿ ಗೆರೆ. "ಇಷ್ಟೇನಾ ಅಕ್ಕ?" ಎಂದುಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, "ಇಷ್ಟೇ ಮಾರಾಯ್ತಿ. ಹೊಸನಗರದ ಕಾಡು, ನಮ್ಮೂರ ಕಡೆ ಘಟ್ಟ, ಎಲ್ಲ ತಿರುಗಿದೀನಿ. ನಂಗೆ ಸಿಕ್ಕಿದ್ದು ಇದೊಂದೇ ಗುಡ್ಡದಲ್ಲಿ. ಇಲ್ಲಿಂದ ಹೋದ್ರೆ ಹೋಯ್ತು" ಎಂದರು. ಆ ಮೇಲೆ ವರ್ಷಕ್ಕೊಮ್ಮೆ ಹೋಗುವುದು ನಮಗೊಂದು ಹಬ್ಬದ ಹಾಗೆ ಆಯಿತು. ಅವಲಕ್ಕಿ ಕಟ್ಟಿಕೊಂಡು, ಉಂಬಳಕ್ಕೆ ಸುಣ್ಣ ಹೊಗೆಸೊಪ್ಪು ಕಲಸಿಕೊಂಡು...

ಒಂದು ವರ್ಷ ಹೋದಾಗ ಮರಗಳ ಬುಡದಲ್ಲಿ ತೊಗಟೆ ಕೆತ್ತಿ ನಂಬರು ಹಾಕಿತ್ತು. ಅಕ್ಕ ಒಂದು ಮರ ಮುಟ್ಟಿ ನೋಡಿದರು, ಇನ್ನೊಂದು ಮುಟ್ಟಿದರು, ಮುಂದಿನದಕ್ಕೂ ಹೋದರು. ಎಲ್ಲದಕ್ಕೂ ನಂಬರು ಇತ್ತು. ಆ ಕಾಲದಲ್ಲಿ ಪ್ಲೈವುಡ್ಡಿಗೆ, ಬೆಂಕಿಪೊಟ್ಟಣಕ್ಕೆ ಎಂದು ಲಾರಿಗಟ್ಟಲೆ ಮರ ಘಟ್ಟದಿಂದ ಇಳಿಯುತ್ತಿತ್ತು, ನಾವೆಲ್ಲ ರಸ್ತೆ ಪಕ್ಕ ನಿಂತು ದಾರಿ ಬಿಟ್ಟವರೇ. ಅಕ್ಕ ಕಚೇರಿಯಿಂದ ಕಚೇರಿಗೆ ಅಲೆದರು. ಎಲ್ಲ ಕಡೆ ಕೂರಿಸಿ ಕಾಫಿ ಕೊಟ್ಟರಂತೆ. ಕೊನೆಗೆ ಒಬ್ಬ ಸಾಹೇಬರು ನಗುನಗುತ್ತಾ, "ನಾವು ಕಡಿಯೋದು ಮರ ಮೇಡಂ, ಹೂವಲ್ಲ. ನಿಮ್ಗೆ ಬೇಕಾದ್ರೆ ಅಷ್ಟೂ ಕಿತ್ಕೊಂಡು ಹೋಗಿ, ಯಾರು ಬೇಡ ಅಂತಾರೆ?" ಎಂದರಂತೆ.

ಅವತ್ತು ಮನೆಗೆ ಬಂದು ಅಕ್ಕ ಊಟ ಮಾಡಲಿಲ್ಲ. ಮಾರನೆಯ ದಿನ ನನ್ನನ್ನು ಕರೆದು, "ತಂದುಬಿಡೋಣ ಕಣೇ" ಎಂದರು.

ದೀಪಾವಳಿ ಕಳೆದ ಮೇಲೆ ಹೋದೆವು. ಮರ ಹತ್ತಲು ನಿಟ್ಟೂರಿನ ಇಬ್ಬರು ಬಂದಿದ್ದರು. ಅವರು ಮೇಲಿಂದ ಪಾಚಿ ಸಮೇತ ಬಿಡಿಸಿ ಬುಟ್ಟಿಯಲ್ಲಿ ಇಳಿಸುವುದು, ನಾನೂ ಅಕ್ಕನೂ ಒದ್ದೆ ಗೋಣಿಯಲ್ಲಿ ಸುತ್ತುವುದು. ಒಂದೊಂದು ಗಿಡವನ್ನೂ ಅಕ್ಕ ಬಾಣಂತಿ ಕೋಣೆಯಿಂದ ಕೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡರು. ಕೊನೆಕೊನೆಗೆ ನನಗೆ ಯಾಕೋ ಮನಸ್ಸು ಒಪ್ಪಲಿಲ್ಲ. ದೇವರಿಗೆ ಹೂ ಕೊಯ್ಯುವಾಗಲೂ ನಾವು ಗಿಡ ಬೋಳು ಮಾಡುವುದಿಲ್ಲ, ಒಂದಾದರೂ ಬಿಟ್ಟು ಬರುತ್ತೇವೆ, ಅಮ್ಮ ಕಲಿಸಿದ್ದು ಹಾಗೆ. "ಒಂದೆರಡು ಮರದ್ದು ಇರ್ಲಿ ಬಿಡಿ ಅಕ್ಕ" ಎಂದೆ. "ಯಾರಿಗೆ ಬಿಡೋದು? ಗರಗಸಕ್ಕಾ?" ಎಂದರು. ಇವತ್ತು ಯೋಚಿಸಿದರೂ ಅವರ ಮಾತಿನಲ್ಲಿ ತಪ್ಪು ಕಾಣುವುದಿಲ್ಲ. ಬಿಡದೆ ಅಷ್ಟೂ ತಂದೆವು. ಬಸ್ಸಿನ ಮೇಲೆ ಗೋಣಿಚೀಲ ಏರಿಸುವಾಗ ಕಂಡಕ್ಟರ್, "ಎಂತ ಮೇಡಂ, ಹುಲ್ಲಾ? ಎಮ್ಮೆ ಕಟ್ಟಿದ್ರಾ?" ಎಂದು ತಮಾಷೆ ಮಾಡಿದ. ಅಕ್ಕ ಅವತ್ತು ಅವನನ್ನೂ ಬೈಯಲಿಲ್ಲ, ಅಷ್ಟು ಖುಷಿಯಲ್ಲಿದ್ದರು.

ಅರ್ಧ ನಮ್ಮ ಹಿತ್ತಲಿನ ಮಾವಿನ ಮರಕ್ಕೆ, ಇನ್ನರ್ಧ ತೀರ್ಥಹಳ್ಳಿ ಹತ್ತಿರದ ಅವರ ತವರಿಗೆ. ನೆನೆಸಿದ ತೆಂಗಿನ ನಾರು ಇಟ್ಟು ಕೊಂಬೆಗೆ ಕಟ್ಟಿದೆವು. ಬಿಸಿಲು ಬೀಳದಂತೆ ಗೋಣಿ ಹೊದಿಸಿದರು. ತೂತು ಮಾಡಿದ ಮಡಕೆ ಕಟ್ಟಿ ಹನಿ ನೀರು ಬಿಟ್ಟರು. ಚಳಿಗಾಲ ಕಳೆಯುವ ತನಕ ಗಿಡ ಹಸಿರಾಗಿಯೇ ಇತ್ತು, ನಾವು ಗೆದ್ದೆವು ಅಂದುಕೊಂಡೆವು. ಶಿವರಾತ್ರಿ ಕಳೆಯಿತು ನೋಡಿ, ಎಲೆ ಹಳದಿಗೆ ತಿರುಗಿತು. ನಮ್ಮ ಬಚ್ಚಲೊಲೆಯ ಹೊಗೆ ತಾಗುತ್ತಿದೆ ಎಂದು ಅಕ್ಕನಿಗೆ ಅನುಮಾನ. ಆ ಬೇಸಗೆಯಿಡೀ ನಮ್ಮನೆಯಲ್ಲಿ ಎಲ್ಲರಿಗೂ ತಣ್ಣೀರು ಸ್ನಾನ, ನಮ್ಮ ಮನೆಯವರು ಗೊಣಗಿದ್ದೇ ಗೊಣಗಿದ್ದು! ನೀರು ಜಾಸ್ತಿ ಆಯಿತೆಂದು ಕಡಿಮೆ ಮಾಡಿದರು, ಒಣಗಿತು. ಕಡಿಮೆ ಆಯಿತೆಂದು ಜಾಸ್ತಿ ಹಾಕಿದರು, ಕೊಳೆಯಿತು. ದಿನಾ ಬೆಳಿಗ್ಗೆ ಕಪ್ಪಾದ ಗಿಡಗಳನ್ನು ಬಿಡಿಸಿ ಮರದ ಬುಡಕ್ಕೆ ಹಾಕುವರು. ಕೊಳೆತ ಬೇರು, ನೆನೆದ ನಾರು, ಆ ವಾಸನೆ ನಮ್ಮ ಅಡುಗೆಮನೆವರೆಗೂ ಬರುತ್ತಿತ್ತು. ತವರಿನಿಂದಲೂ ಅದೇ ಸುದ್ದಿ ಬಂತು. ಮಂಜು ಕುಡಿದು ಬದುಕಿದ್ದಕ್ಕೆ ಬಾವಿ ನೀರು ಎಷ್ಟು ಕೊಟ್ಟರೇನು?

ಆ ವರ್ಷವೇ ಊರೂರಲ್ಲಿ ಜನ ಮರ ಕಡಿಯಬೇಡಿ ಎಂದು ಎದ್ದು ನಿಂತಿದ್ದರು. ಒಂದು ಸಂಜೆ ನಮ್ಮ ಮನೆಯವರು ಸೈಕಲ್ಲಿನಿಂದ ಇಳಿಯುವ ಮೊದಲೇ, "ಅಕ್ಕಾ, ಮರ ಕಡಿತಲೆ ನಿಲ್ಲಿಸೋಕೆ ಆರ್ಡರ್ ಬಂತಂತೆ! ನಿಮ್ಮ ಗುಡ್ಡ ಉಳೀತು!" ಎಂದು ಕೂಗಿಕೊಂಡೇ ಬಂದರು. ಪಾಪ, ಅವರಿಗೆ ಸಂತೋಷದ ಸುದ್ದಿ. ಅಕ್ಕ ಬಾವಿಯಿಂದ ನೀರು ಸೇದುತ್ತಿದ್ದರು. ಹಗ್ಗ ಕೈಬಿಟ್ಟರು, ಕೊಡ ದಡಬಡ ಎಂದು ಕೆಳಗೆ ಹೋಯಿತು. "ಉಳೀತಾ?" ಎಂದರು. ಮತ್ತೆ, "ಅಷ್ಟೂ ಮರ?" ಎಂದರು. ಹೌದು ಅಷ್ಟೂ ಎಂದರು ಇವರು. ಅಕ್ಕ ಬಾವಿಕಟ್ಟೆ ಮೇಲೆ ಕೂತವರು ಕತ್ತಲಾದರೂ ಏಳಲಿಲ್ಲ. ನಾನು ಪಕ್ಕ ಕೂತೆ. ದೇವರೇ, ಮರ ಕಡಿದಿದ್ದರಾದರೂ ಬೈಯಲು ಯಾರಾದರೂ ಇರುತ್ತಿದ್ದರಲ್ಲ ಎಂದು ನನಗೆ ಅನ್ನಿಸಿತು.

ಮಳೆ ಬಿದ್ದ ಕೂಡಲೇ, ಜೀವ ಹಿಡಿದುಕೊಂಡಿದ್ದ ಕೆಲವೇ ಗಿಡಗಳನ್ನು ವಾಪಸ್ ಒಯ್ದು ಅದೇ ಮರಗಳಿಗೆ ಕಟ್ಟಿ ಬಂದೆವು. ಹೂ ಬಿಡುವ ಕಾಲಕ್ಕೆ ಹೋದರೆ ಕಟ್ಟಿದ ಹಗ್ಗ ಮಾತ್ರ ಇತ್ತು. ಮುಂದಿನ ವರ್ಷ ಹೋದೆವು, ಅದರ ಮುಂದಿನ ವರ್ಷವೂ. ಎಲ್ಲಾದರೂ ಬೀಜ ಬಿದ್ದಿರಬಹುದು ಎಂಬ ಆಸೆ. ಆಮೇಲೆ ನನಗೆ ಮಂಡಿನೋವು ಬಂತು, ಅಕ್ಕ ಒಬ್ಬರೇ ಹೋಗಿ ಬರತೊಡಗಿದರು. ಬಂದು ಚೀಲ ಇಟ್ಟು, "ಮರ ಎಲ್ಲ ಗಟ್ಟಿಮುಟ್ಟಾಗಿದೆ ಕಣೇ" ಎನ್ನುವರು. ನಾನು ಕಾಫಿ ಕೊಡುವೆ. ಬೈಗುಳವೂ ನಿಂತುಹೋಯಿತು. ಒಮ್ಮೆ ನನ್ನ ಮಗಳು ಸೀತಾಳೆ ದಂಡೆ ಮುಡಿದು ಎದುರಿಗೆ ಹೋದಳು, ಈಗ ಬೈಗುಳ ಬಿತ್ತು ಅಂದುಕೊಂಡೆ. ಅಕ್ಕ ಅವಳ ಜಡೆ ಸರಿಮಾಡಿ, "ಮುಡ್ಕೊ ಮಗಾ, ನಂಗೆ ಹೇಳೋ ಬಾಯಿ ಇಲ್ಲ" ಎಂದರು. ನಿವೃತ್ತಿಯಾಗಿ ತೀರ್ಥಹಳ್ಳಿಗೆ ಹೋದರು, ಅಲ್ಲೇ ತೀರಿಕೊಂಡರು. ಕೊನೆಯ ಸಲ ನೋಡಲು ಹೋದಾಗ ಅವರಿಗೆ ನನ್ನ ಗುರುತು ಸಿಕ್ಕಿತೋ ಇಲ್ಲವೋ...

ಆ ಪ್ರದರ್ಶನ ಮುಗಿದ ವಾರಕ್ಕೆ ನಮ್ಮ ಮನೆಗೆ ಒಬ್ಬಳು ಹುಡುಗಿ ಬಂದಳು. ಸಂಶೋಧನೆ ಮಾಡುತ್ತಿದ್ದಾಳಂತೆ, ಅಕ್ಕನ ಹಳೆಯ ವಿದ್ಯಾರ್ಥಿಯೊಬ್ಬರು ನನ್ನ ವಿಳಾಸ ಹೇಳಿ ಕಳಿಸಿದ್ದರು. ಅದೇ ಹೂವಿನ ವಿಷಯ. ಅಳಿವಿನ ಅಂಚಿನಲ್ಲಿದೆ ಎಂದು ಪಟ್ಟಿಗೆ ಸೇರಿಸಬೇಕೋ, ಅಳಿದೇ ಹೋಯಿತು ಎಂದು ಸೇರಿಸಬೇಕೋ, ದೊಡ್ಡವರು ತೀರ್ಮಾನ ಮಾಡಬೇಕಂತೆ. "ಅಲ್ಲಿ ಕಡಿತಲೆ ಆಗಿಲ್ಲ, ಬೆಂಕಿ ಬಿದ್ದಿಲ್ಲ. ಇರ್ಲೇಬೇಕಲ್ವಾ ಆಂಟಿ? ಇಲ್ಲ ಅಂದ್ರೆ ಕಾರಣ ಏನಿರ್ಬಹುದು?" ಎಂದು ಕೇಳಿದಳು.

"ಉಳಿಸೋಣ ಅಂತ ನಾವೇ ತಂದ್ವಮ್ಮ" ಎಂದೆ.

"ಎಷ್ಟು ತಂದ್ರಿ?"

"ಅಷ್ಟೂ."

ಹುಡುಗಿ ಅದನ್ನು ಬರೆದುಕೊಂಡಳು. ಆದರೂ ಒಂದು ಸಲ ನೋಡಿ ಬರುತ್ತೇನೆ ಎಂದಳು. ಬೇಡ ಎನ್ನಲು ನಾನು ಯಾರು? ದಾರಿ ಹೇಳಿದೆ, ಯಾವ ತಿರುವು, ಯಾವ ಹಳ್ಳ, ಎಲ್ಲ. ಒಂದು ವಾರದ ಮೇಲೆ ಫೋನ್ ಮಾಡಿದಳು. "ಎಷ್ಟು ಚೆನ್ನಾಗಿದೆ ಆಂಟಿ ಆ ಕಾಡು!" ಎಂದಳು. ಹೌದಮ್ಮ ಎಂದೆ. ಹೂವಿನ ಮಾತು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.