ಒತ್ತಿದರೆ ಅಂಟುವ ಚೀಟಿ

ಎದುರುಮನೆಯ ಗೋಪಾಲಯ್ಯ ನನ್ನದಕ್ಕಿಂತ ದೊಡ್ಡ ಮನೆ ಕಟ್ಟಿಸಿದಾಗಲೂ ನಾನು ಸಹಿಸಿಕೊಂಡಿದ್ದೆ. ಅವನ ಸೀರೆ ಡಬ್ಬದ ಮೇಲಿನ ಚೀಟಿಯನ್ನು ಮಾತ್ರ ಸಹಿಸಲಾಗಲಿಲ್ಲ.

ಇಬ್ಬರೂ ದೊಡ್ಡಬಳ್ಳಾಪುರದ ಒಂದೇ ಬೀದಿಯ ನೇಕಾರರು. ನೇಯ್ದ ಸೀರೆಯನ್ನು ರಟ್ಟಿನ ಡಬ್ಬಕ್ಕೆ ಹಾಕಿ, ಹೆಸರಿನ ಚೀಟಿ ಅಂಟಿಸಿ ಪೇಟೆಗೆ ಕಳಿಸುತ್ತಿದ್ದೆವು. ನನ್ನ ಚೀಟಿಗೆ ಮೈದಾ ಅಂಟೇ ಗತಿ. ಹೆಂಡತಿ ಶಾರದಮ್ಮ ಅದನ್ನು ಕಾಯಿಸುವಳು, ನಾನು ಬಳಿಯುವೆನು, ಜಿರಳೆ ತಿನ್ನುವುದು. ಹೀಗೆ ಎಲ್ಲರಿಗೂ ಕೆಲಸವಿತ್ತು.

ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಗೋಪಾಲಯ್ಯನ ಭಾವಮೈದುನ ಬೆಂಗಳೂರಿನ ದಂಡು ಪ್ರದೇಶದಿಂದ ಒಂದು ಕಟ್ಟು ಸೀಮೆ ಚೀಟಿ ತಂದುಕೊಟ್ಟ. ಅದಕ್ಕೆ ನೀರು ಬೇಡ, ಅಂಟು ಬೇಡ. ಹಿಂದಿನ ಕಾಗದ ಸುಲಿದು ಹೆಬ್ಬೆರಳಿನಲ್ಲಿ ಒತ್ತಿದರೆ ಆಯಿತು. ಗೋಪಾಲಯ್ಯ ಅವುಗಳ ಮೇಲೆ ತನ್ನ ಹೆಸರಿನ ಮೊಹರು ಹೊಡೆದು, ಬೀದಿಯವರೆಲ್ಲ ನೋಡಲೆಂದು ಜಗಲಿಯಲ್ಲೇ ಕುಳಿತು ಅಂಟಿಸಿದ. ನಾನೂ ನೋಡಿ, "ಇಷ್ಟೇನಾ?" ಎಂದು ಬಂದುಬಿಟ್ಟೆ.

"ಅವರ ಡಬ್ಬ ಎಷ್ಟು ಲಕ್ಷಣವಾಗಿ ಕಾಣ್ತದೆ ಅಲ್ವಾ?" ಎಂದಳು ಶಾರದಮ್ಮ.

"ಡಬ್ಬ ಉಟ್ಕೊಳ್ತಾರೇನೇ?" ಎಂದೆ. ಅಂದು ಊಟ ಸೇರಲಿಲ್ಲ.

ಅರಿಷಡ್ವರ್ಗದಲ್ಲಿ ಮಾತ್ಸರ್ಯವನ್ನು ಕಟ್ಟಕಡೆಗೆ ಇಟ್ಟ ಹಿರಿಯರಿಗೆ ಎದುರುಮನೆ ಇರಲಿಲ್ಲವೆಂದು ಕಾಣುತ್ತದೆ.

ಮಾರನೆಯ ದಿನ ನೂಲು ಕೇಳುವ ನೆಪದಲ್ಲಿ ಅವನ ಮನೆಗೆ ಹೋದೆ. ಅವನು ನೂಲು ತರಲು ಒಳಗೆ ಹೋದಾಗ ಒಂದು ಚೀಟಿ ಎತ್ತಿಕೊಂಡು, ತಡೆಯಲಾರದೆ ಹಿಂದಿನ ಕಾಗದ ಸುಲಿದೆ. ಅಷ್ಟರಲ್ಲಿ ಹೆಜ್ಜೆಸಪ್ಪಳ. ಗಾಬರಿಯಲ್ಲಿ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಆಮೇಲೆ ನೋಡಿದರೆ ಕೈಯಲ್ಲಿ ಚೀಟಿಯಿಲ್ಲ. ಎಲ್ಲೋ ಬಿತ್ತೆಂದುಕೊಂಡು ನೂಲು ಹಿಡಿದು ಹೊರಟೆ. ನಡುಬೀದಿಯಲ್ಲಿದ್ದಾಗ ಗೋಪಾಲಯ್ಯ ಹಿಂದಿನಿಂದ ಕರೆದ.

"ಏನಣ್ಣಾ, ನೀನೂ ನಮ್ಮ ಮಗ್ಗದ ಮಾಲಾ?"

ಅವನ ಹೆಸರು ನನ್ನ ಅಂಗಿಯ ಬೆನ್ನಿಗೆ ಭದ್ರವಾಗಿ ಅಂಟಿತ್ತು. ಬೀದಿಯೆಲ್ಲ ನಕ್ಕಿತು. ಅವನು ಮಾತ್ರ ನಗದೆ ಬಂದು, ಚೀಟಿ ಬಿಡಿಸಿ, ನನ್ನ ಜೊತೆ ನಡೆದು ನನ್ನ ಜಗಲಿಯ ಮೇಲೆ ಪಕ್ಕದಲ್ಲೇ ಕುಳಿತ.

"ಕೇಳಿದ್ರೆ ಕೊಡ್ತಿರ್ಲಿಲ್ವಾ? ಚೀಟಿ ಅಂಟ್ಸೋಕೆ ಒಂದು ಹೆಬ್ಬೆಟ್ಟು ಸಾಕು ಕಣಣ್ಣಾ. ನಿನ್ನ ಹಂಸದ ಅಂಚು ಹತ್ತು ವರ್ಷದಿಂದ ನೋಡ್ತಾ ಇದೀನಿ, ನನ್ನ ಕೈಗೆ ಬಂದಿಲ್ಲ. ನೀನು ಸೀರೆ ಬಿಡಿಸಿ ಒಣಹಾಕಿದ್ರೆ ಹೊಟ್ಟೆ ಉರೀತದೆ ಅಂತ ನಾನು ಆ ಕಡೆ ತಿರುಗೋದೇ ಇಲ್ಲ."

ಅರ್ಧ ಕಟ್ಟು ಚೀಟಿ ಕೊಟ್ಟುಹೋದ. ಹಂಸದ ಅಂಚು ನಮ್ಮಪ್ಪ ನನಗೊಬ್ಬನಿಗೇ ಕಲಿಸಿದ್ದು. ಮೂರು ದಿನ ಮನಸ್ಸು ಎಳೆದಾಡಿತು. ನಾಲ್ಕನೆಯ ದಿನ ನಾನೇ ಬೀದಿ ದಾಟಿ, "ಬಾರಯ್ಯ, ಮಗ್ಗದ ಹತ್ರ ಕೂತ್ಕೋ" ಎಂದೆ.

ಚೀಟಿಗಳು ಆ ವರ್ಷವೇ ಮುಗಿದವು. ಗೋಪಾಲಯ್ಯನ ಹಂಸ ಮಾತ್ರ ಉಳಿಯಿತು. ಮೊನ್ನೆ ನೋಡಿದೆ, ಅದರ ಕೊಕ್ಕು ನನ್ನ ಹಂಸದ್ದಕ್ಕಿಂತ ಒಂದು ಎಳೆ ಚೂಪು. ಹೊಟ್ಟೆಕಿಚ್ಚು ಆರಿತೆಂದರೆ ಸುಳ್ಳಾದೀತು. ಈಗ ಕೋಳಿ ಕೂಗುವ ಮೊದಲೇ ಆ ಕಿಚ್ಚೇ ನನ್ನನ್ನು ಎಬ್ಬಿಸಿ ಮಗ್ಗಕ್ಕೆ ಕೂರಿಸುತ್ತದೆ.