ಅವಳು ಕೇಳಿರಲಿಲ್ಲ

ನಯೋಮಿ, ರಂಗಪ್ರವೇಶದ ದಿನ ನಿನ್ನ ಮುಖಕ್ಕೆ ಬಿಳಿಯ ಬಣ್ಣ ಹಚ್ಚಿಸಿದವಳು ನಾನು. ನಿನ್ನ ತಾಯಿ ಕೇಳಿದಾಗ, ಅದನ್ನು ನೀನೇ ಬಯಸಿದೆ ಎಂದು ಸುಳ್ಳು ಹೇಳಿದವಳೂ ನಾನೇ.

ಅಮೆರಿಕದ ಪೇರ್‌ಲ್ಯಾಂಡಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಭರತನಾಟ್ಯ ಕಲಿಸುತ್ತೇನೆ. ಹದಿಮೂರನೆಯ ವಯಸ್ಸಿಗೆ ನೀನು ಬಂದೆ. ಉಳಿದವರೆಲ್ಲ ನಮ್ಮ ಕಡೆಯ ಮಕ್ಕಳು. ಕಪ್ಪು ವರ್ಣೀಯಳು ನೀನೊಬ್ಬಳೇ. ನಿನ್ನಂತೆ ಮೊಣಕಾಲು ಬಾಗಿಸಿ ಅರೆಮಂಡಿಯಲ್ಲಿ ನಿಲ್ಲುವವರು ನನಗೆ ಮತ್ತೆ ಸಿಗಲಿಲ್ಲ. ಕಾಲೇಜಿನ ಎರಡನೆಯ ವರ್ಷ ನೀನು ಮೂರು ತಿಂಗಳು ಕಾಣೆಯಾದೆ. ತಿರುಗಿ ಬಂದಾಗ ನೀನೇ ಹೇಳಿದೆ — ಖಿನ್ನತೆ, ಆಸ್ಪತ್ರೆ, ಮಾತ್ರೆ. "ಆಂಟಿ, ನನ್ನ ಬಣ್ಣ, ನನ್ನ ಕೂದಲು, ಯಾವುದನ್ನೂ ಸಹಿಸೋಕೆ ಆಗ್ತಿರಲಿಲ್ಲ. ಈಗ ಸ್ವಲ್ಪ ಸ್ವಲ್ಪ ಇಷ್ಟ ಆಗ್ತಿದೀನಿ, ನನಗೆ ನಾನೇ."

ಅಷ್ಟು ಗೊತ್ತಿದ್ದೂ —

ರಂಗಪ್ರವೇಶಕ್ಕೆ ಒಂದು ವಾರವಿರುವಾಗ ನನ್ನ ಇನ್ನೊಬ್ಬ ಶಿಷ್ಯೆಯ ತಾಯಿ ಅಂದರು, "ಮೇಡಂ, ಲೈಟಿನಾಗ ಆಕಿ ಮುಖಾನ ಕಾಣೂದಿಲ್ರಿ. ಒಂಚೂರು ಫೇರ್ ಮಾಡಸ್ರಿ." ಬೆಳಕು ಹೊಂದಿಸುವವನಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು ಮೇಕಪ್ ಮಾಡುವವಳಿಗೆ.

ಬಣ್ಣ ಹಚ್ಚಿ ಮುಗಿದಾಗ ನೀನು ಮೆಲ್ಲಗೆ ಅಂದೆ, "ಆಂಟಿ, ಇದು ನಾನಲ್ಲ."

"ಹೀಗೇ ಚಂದ ಕಾಣ್ತೀಯ, ಸುಮ್ನಿರು."

ಈ ಮಾತು ನನ್ನ ಬಾಯಿಂದಲೇ ಬಂತು.

ಆಗ ನಿನ್ನ ತಾಯಿ ಒಳಗೆ ಬಂದರು. ನಿನ್ನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಯಾರು ಹೀಗೆ ಮಾಡಿದ್ದು ಎಂದು ಕೇಳಿದರು. "ಅವಳೇ ಬೇಕು ಅಂದಳು" — ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು! ನೀನು ಅವರತ್ತ ನೋಡಲಿಲ್ಲ, ನನ್ನತ್ತ ನೋಡಿದೆ. ನಾನು ಮಾತು ತಿದ್ದಿಕೊಳ್ಳುತ್ತೇನೆಂದು ನೀನು ಕಾದೆ. ನಾನು ನಿನ್ನ ಜಡೆಯ ಹೂವು ಸರಿಮಾಡತೊಡಗಿದೆ.

ನೀನು ಎರಡು ಗಂಟೆ ಒಂದು ಹೆಜ್ಜೆಯೂ ತಪ್ಪದೆ ಕುಣಿದೆ. ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಇದಾಗಿ ಎರಡು ವರ್ಷ. ಹೋದ ತಿಂಗಳು ಔಷಧಿ ಅಂಗಡಿಯಲ್ಲಿ ನಿನ್ನ ತಾಯಿ ಸಿಕ್ಕಿದರು. ನೀನು ಕಾಲೇಜು ಬಿಟ್ಟೆಯಂತೆ, ಡಾಕ್ಟರ ಬಳಿಯೂ ಹೋಗುವುದಿಲ್ಲವಂತೆ. "ಅಮ್ಮನೇ ನಂಬದ ಮೇಲೆ ಯಾರಿಗೆ ಹೇಳಲಿ ಅಂತಾಳೆ, ಟೀಚರ್. ಆವತ್ತು ಆ ಬಣ್ಣ ತಾನು ಕೇಳಿರಲಿಲ್ಲ ಅಂತ ಇವತ್ತಿಗೂ ಹೇಳ್ತಾಳೆ. ಕಾಯಿಲೆ ಹಾಗೆ ಹೇಳಿಸುತ್ತೆ ಅಂತ ನಾನು ಸುಮ್ಮನಿದ್ದೀನಿ. ನಾನೆಲ್ಲಿ ತಪ್ಪಿದೆ?" ಅವರು ಅಳುತ್ತಿದ್ದರು.

ಹೇಳಬೇಕಾಗಿದ್ದುದು ಒಂದೇ ಒಂದು ವಾಕ್ಯ. ನಾನು ಅವರ ಕೈ ಹಿಡಿದು, "ನಿಮ್ಮದೇನೂ ತಪ್ಪಿಲ್ಲ" ಎಂದೆ. ಅಷ್ಟಕ್ಕೇ ನಿಲ್ಲಿಸಿದೆ. ಅವರು ನನಗೆ ಥ್ಯಾಂಕ್ಸ್ ಹೇಳಿ ಹೋದರು.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಯೋಮಿ. ನಿನಗೆ ಓದಲು ಬಾರದು, ನಿನ್ನ ತಾಯಿಗೂ ಬಾರದು. ಬರೆಯುವ ಧೈರ್ಯ ಬಂದಿರುವುದು ಅದಕ್ಕೇ.