ಸದ್ದಿಲ್ಲದ ಡ್ರಮ್ಸ್ ತಂದ ದಿನ

ವೋಲ್ಟೇಜು ಏರಿ ಕರೆಂಟಿನ ಡ್ರಮ್ಸ್‌ನ ಬೋರ್ಡು ಸುಟ್ಟುಹೋಗಬಹುದಿತ್ತು. ಕಡೂರಿನಿಂದ ತರೀಕೆರೆಗೆ ಬರುವ ಬಸ್ಸಿನ ಟಾಪಿನ ಮೇಲಿಂದ ಪೆಟ್ಟಿಗೆ ಬೀರೂರಿನ ತಿರುವಿನಲ್ಲಿ ಉರುಳಬಹುದಿತ್ತು. ನಲವತ್ತೆಂಟನೇ ವಯಸ್ಸಿನಲ್ಲಿ ಡ್ರಮ್ಸ್ ಕಲಿಯಲು ಹೊರಟವನ ಮಣಿಕಟ್ಟು ಹಿಡಿದುಕೊಳ್ಳಬಹುದಿತ್ತು. ಕಾಲಿನ ಪೆಡಲ್ ಒತ್ತಿದ ಅದುರಿಗೆ ಗೋಡೆ ಬಿರುಕು ಬಿಟ್ಟು, ಪಕ್ಕದ ಮನೆಯ ದೊಡ್ಡಪ್ಪ ಬೀದಿಯವರನ್ನೆಲ್ಲ ಸೇರಿಸಬಹುದಿತ್ತು. ಇವಿಷ್ಟನ್ನೂ ಕೊಳ್ಳುವ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಒಂದೂ ಆಗಲಿಲ್ಲ.

ಇವತ್ತು ಬೆಳಗ್ಗೆ ಹೆಡ್‌ಫೋನು ತೆಗೆದಾಗ ಅದರ ಮೆತ್ತೆಯ ಕರಿ ಸಿಪ್ಪೆ ಉದುರಿ ಕೆನ್ನೆಗೆಲ್ಲ ಅಂಟಿತ್ತು. "ಏನ್ರೀ, ಒಲೆ ಊದಿ ಬಂದ್ರಾ?" ಎಂದಳು ಹೆಂಡತಿ. ಬೆವರು ಬೆರೆತ ಆ ಹಳೇ ರಬ್ಬರಿನ ವಾಸನೆಗೆ ದೊಡ್ಡಪ್ಪ ನೆನಪಾದರು…

ಅವರು ನನಗೆ ಸಂಬಂಧಿಕರೇನಲ್ಲ. ನಮ್ಮೆರಡು ಮನೆಗೂ ಒಂದೇ ಗೋಡೆ, ಅಷ್ಟೆ. ಅಜ್ಜಂಪುರದ ಕಡೆಯವರು, ಮಠದ ಮೆರವಣಿಗೆಗಳಲ್ಲಿ ಸಮಾಳ ಬಾರಿಸುತ್ತಿದ್ದವರು. ಜೋಡಿ ವಾದ್ಯವನ್ನು ಸೊಂಟಕ್ಕೆ ಕಟ್ಟಿಕೊಂಡು, ಎರಡು ಕೋಲು ಹಿಡಿದು, ನಿಂತೇ ಬಾರಿಸುವ ಕೆಲಸ. ಹರ್ನಿಯಾ ಆಪರೇಷನ್ ಆದಮೇಲೆ ಸೊಂಟಕ್ಕೆ ಭಾರ ಕಟ್ಟಕೂಡದೆಂದು ಡಾಕ್ಟರು ಹೇಳಿಬಿಟ್ಟರು. ಸಮಾಳವನ್ನು ಮಠಕ್ಕೇ ಕೊಟ್ಟು ಬಂದು, ಆಮೇಲೆ ಅದರ ಮಾತೇ ಎತ್ತಲಿಲ್ಲ.

ಎಲೆಕ್ಟ್ರಾನಿಕ್ ಕಿಟ್ ತರುವ ವಿಷಯವನ್ನು ನಾನು ಅವರ ಕಿವಿಗೆ ಹಾಕಿದ್ದು ಮುಂದೆ ಜಗಳವಾಗದಿರಲಿ ಎಂದು. "ಸದ್ದೇ ಬರಲ್ಲ ದೊಡ್ಡಪ್ಪ, ಎಲ್ಲಾ ಹೆಡ್‌ಫೋನಲ್ಲೇ" ಎಂದೆ. ಅವರು ಹಿಡಿದುಕೊಂಡದ್ದೇ ಬೇರೆ.

"ಕೂತ್ಕಂಡು ಬಾರ್ಸೋದೇನೋ ಅದು?"

"ಹೂಂ, ಸ್ಟೂಲ್ ಮೇಲೆ."

"ಹಂಗಾರೆ ಇನ್ನೊಂದ್ಸಲ ನನ್ ಕೈ ಸದ್ದು ನಾನೇ ಕೇಳ್ಬೋದು. ನಾನೂ ಬತ್ತೀನಿ, ನಡಿ."

ಆರ್ಕೆಸ್ಟ್ರಾದವರಿಗೆ ಸಾಮಾನು ಮಾರುವ ಕಡೂರಿನ ಅಂಗಡಿಯಲ್ಲಿ ಮೂರು ಕಿಟ್‌ಗಳಿದ್ದವು. ನನ್ನ ಕಣ್ಣು ಮುನ್ನೂರು ಬಗೆಯ ಸದ್ದಿರುವ ರಬ್ಬರ್ ಪ್ಯಾಡಿನ ಕಿಟ್ ಮೇಲೆ. ನಾನು ನೋಟ್‌ಬುಕ್ ತೆಗೆದು ವಾರಂಟಿ, ಯುಪಿಎಸ್, ಇಲಿ ಕಡಿಯದ ವೈರು ಎಂದು ಒಂದೊಂದೇ ಪ್ರಶ್ನೆ ಕೇಳುತ್ತಿದ್ದರೆ, ದೊಡ್ಡಪ್ಪ ಪ್ರತಿ ಪ್ಯಾಡಿಗೂ ಅಂಗೈ ಒತ್ತಿ, ಕೋಲನ್ನು ಮೇಲಿಂದ ಸುಮ್ಮನೆ ಬೀಳಿಸಿ, ಅದು ಎಷ್ಟು ಸಲ ಪುಟಿಯುತ್ತದೆಂದು ಎಣಿಸುತ್ತಿದ್ದರು. ಸಮಾಳಕ್ಕೆ ಹೊಸ ಚರ್ಮ ಬಿಗಿದಾಗ ಹೀಗೇ ನೋಡುವುದಂತೆ.

"ಇದು ಎಮ್ಮೆ ಬೆನ್ನು ಕಣೋ. ಹೊಡುದ್ರೂ ಅಷ್ಟೇ, ಬಿಟ್ರೂ ಅಷ್ಟೇ" ಎಂದು ನನ್ನ ಕಿಟ್ಟನ್ನು ತಳ್ಳಿಹಾಕಿ, ಬಲೆಯಂಥ ಬಟ್ಟೆ ಬಿಗಿದ ಮೂಲೆಯ ಸಣ್ಣ ಕಿಟ್ ಮುಂದೆ ನಿಂತರು. "ಇದು ಕೋಲನ್ನ ವಾಪಸ್ ಕೊಡುತ್ತೆ. ಇದ್ನೇ ತಗೋ."

"ಇದ್ರಲ್ಲಿ ಸೌಂಡ್ ಕಮ್ಮಿ ದೊಡ್ಡಪ್ಪ."

"ನಿಂಗೆ ಇರೋದು ಎರಡು ಕೈ. ಮುನ್ನೂರು ಸದ್ದು ಕಟ್ಕಂಡು ಏನ್ಲೇ ಮಾಡ್ತೀಯ?"

ಅಂಗಡಿಯವನು ಕಿಸಕ್ಕನೆ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಆರು ತಿಂಗಳು ವಿಡಿಯೋ ನೋಡಿ ತಲೆ ಕೆಡಿಸಿಕೊಂಡದ್ದು ನಾನು, ಆರಿಸುತ್ತಿರುವುದು ಇವರು!

ಹೊಸ ವಾದ್ಯಕ್ಕೆ ಮೊದಲ ಪೆಟ್ಟು ಹಿರಿಯರದೇ ಬೀಳಬೇಕೆಂಬುದು ಅವರಲ್ಲಿ ರೂಢಿ. ಪ್ಯಾಡು ಮುಟ್ಟಿ ಕಣ್ಣಿಗೊತ್ತಿಕೊಂಡು ಸ್ಟೂಲಿನ ಮೇಲೆ ಕೂತರು. ಸ್ಪೀಕರಿಗೆ ಹಾಕಲೇ ಎಂದ ಅಂಗಡಿಯವನು. ಸಣ್ಣ ದೋಷವೆಲ್ಲ ಸ್ಪೀಕರಿನಲ್ಲಿ ತಿಳಿಯುವುದಿಲ್ಲ, ಬೇಡ ಎಂದೆ ನಾನು. ಮೊದಲು ತಡವರಿಸಿದ ಕೈ ಆಮೇಲೆ ಹಾದಿ ಹಿಡಿಯಿತು. ಕಣ್ಣು ಮುಚ್ಚಿಕೊಂಡು ಬಾರಿಸುತ್ತಲೇ ಹೋದರು… ಆ ಹೊತ್ತೆಲ್ಲ ನಾನು ತಲೆ ಬಗ್ಗಿಸಿ, ಎಡಗಡೆಯ ಪ್ಯಾಡು ನಡುನಡುವೆ ಪೆಟ್ಟು ನುಂಗುತ್ತಿದೆಯೇ ಎಂದು ಪತ್ತೆ ಹಚ್ಚುತ್ತಿದ್ದೆ.

ಬಸ್ಸಿನಲ್ಲಿ ಕೇಳಿದರು, "ಹೆಂಗಿತ್ತೋ?"

"ಎಡಗಡೆ ಪ್ಯಾಡ್ ಸರಿಯಾಗೇ ಇದೆ."

"ನಂಗೆ ಬರೀ ಟಪಟಪ ಅಂತಿತ್ತು ಕಣೋ."

"ಮನೇಲಿ ನಿಧಾನವಾಗಿ ಕೇಳಿಸ್ತೀನಿ ಬಿಡಿ ದೊಡ್ಡಪ್ಪ."

ಮನೆಯಲ್ಲಿ ಸ್ಟೆಬಿಲೈಜರ್ ಇಲ್ಲದೆ ಪ್ಲಗ್ ಹಾಕಲು ಧೈರ್ಯ ಬರಲಿಲ್ಲ. ಸ್ಟೆಬಿಲೈಜರ್ ಬಂದಮೇಲೆ ಅರ್ಥಿಂಗ್ ಸರಿಯಿಲ್ಲ ಅನ್ನಿಸಿತು. ಎಲೆಕ್ಟ್ರಿಷಿಯನ್ನು ಬಂದು ಹೋದಮೇಲೆ, ಸದ್ದು ಒಮ್ಮೆಲೇ ಜೋರಾಗಿ ಬಂದು ಮುದುಕರ ಎದೆ ಒಡೆದರೆ ಎಂಬ ಹೊಸ ದಿಗಿಲು. ದೊಡ್ಡಪ್ಪ ದಿನಾ ಬೆಳಗ್ಗೆ ಬಾಗಿಲಿಗೆ ಬಂದು "ಆಯ್ತೇನೋ ನಿಂದು?" ಎನ್ನುವರು. "ಇನ್ನೆರಡೇ ದಿನ" ಎನ್ನುವೆ. ಕೊನೆಗೊಂದು ದಿನ ಅವರಿಗೂ ರೇಗಿತು. "ಲೇ, ಮದ್ವೆ ದಿನಾನೂ ಹಿಂಗೇ ವೈರು ಮುಟ್ಕಂಡೇ ಕೂತಿದ್ದೇನೋ ನೀನು?" ಎಂದು ಬೈದು ಹೋದರು. ಆ ವಾರ ಜ್ವರವೆಂದು ಮಲಗಿದವರು ಮತ್ತೆ ಏಳಲಿಲ್ಲ…

ಕಿಟ್ ಇನ್ನೂ ಕೆಟ್ಟಿಲ್ಲ. ನನ್ನ ಕೈ ಮಾತ್ರ ಅಂದಿನಷ್ಟೇ ಕೆಟ್ಟದಾಗಿದೆ. ಅವರು ಆರಿಸಿದ್ದೇ ಸರಿ, ಕೋಲನ್ನು ಇವತ್ತಿಗೂ ವಾಪಸ್ ಕೊಡುತ್ತದೆ. ಗೋಡೆಯಾಚೆ ಈಗ ಬಾಡಿಗೆಯವರಿದ್ದಾರೆ. ಅವರಿಗೆ ನನ್ನಿಂದ ಏನೂ ತೊಂದರೆಯಿಲ್ಲವಂತೆ.

ತಪ್ಪಾದದ್ದು ಒಂದೇ, ನನ್ನ ಪಟ್ಟಿಯಲ್ಲಿ ಇಲ್ಲದ್ದು. ಕಡೂರಿನ ಆ ಅಂಗಡಿಯಲ್ಲಿ ದೊಡ್ಡಪ್ಪ ಬಾರಿಸುವಾಗ ಹೆಡ್‌ಫೋನು ನನ್ನ ಕಿವಿಯಲ್ಲಿತ್ತು.